ಮೇಲೆ ಕಾಡು, ಕೆಳಗೆ ಗದ್ದೆ: ಬನಾವೆ ಬಗ್ಗೆ ಓದುಗರು ಕೇಳಿದ್ದು

ಫಿಲಿಪ್ಪೀನ್ಸಿನ 20 ಪೆಸೊ ನೋಟಿನ ಹಿಂಬದಿಯಲ್ಲಿ ಬೆಟ್ಟದ ಮೈತುಂಬ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳ ಚಿತ್ರವಿದೆ. ಅದು ಬನಾವೆ, ಲುಜಾನ್ ದ್ವೀಪದ ಇಫುಗಾವ್ ಪ್ರಾಂತ್ಯದ ಒಂದು ಮುನಿಸಿಪಾಲಿಟಿ. ಅದರ ನೆಲ, ನೀರು, ದುಡಿಮೆ ಕುರಿತು ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ‘ಗ್ರಾಮೀಣ ಮುನಿಸಿಪಾಲಿಟಿ’ ಎಂದರೇನು? ನಮ್ಮಲ್ಲಿ ಮುನಿಸಿಪಾಲಿಟಿ ಅಂದರೆ ಪುರಸಭೆ, ಅಂದರೆ ಪಟ್ಟಣ. ಹಳ್ಳಿಗೆ ಆ ಹೆಸರು ಹೇಗೆ ಬಂತು?
– ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯನಗರ

ಉತ್ತರ: ಹೆಸರು ಒಂದೇ, ವ್ಯವಸ್ಥೆ ಬೇರೆ. ಅಲ್ಲಿ ದೇಶದ ಕೆಳಗೆ ಪ್ರಾಂತ್ಯ, ಪ್ರಾಂತ್ಯದ ಕೆಳಗೆ ನಗರ ಇಲ್ಲವೇ ಮುನಿಸಿಪಾಲಿಟಿ, ಅದರ ಕೆಳಗೆ ಬರಂಗಾಯ್. ಮುನಿಸಿಪಾಲಿಟಿ ಎಂದರೆ ಒಂದು ಪೇಟೆ, ಸುತ್ತಲಿನ ಹಳ್ಳಿಗಳು, ಗದ್ದೆ, ಕಾಡು, ಹೊಳೆ ಎಲ್ಲವೂ ಸೇರಿದ ಪ್ರದೇಶ. ಹರವಿನಲ್ಲಿ ನಮ್ಮ ಹೋಬಳಿಯನ್ನೋ ಸಣ್ಣ ತಾಲ್ಲೂಕನ್ನೋ ನೆನೆಸಿಕೊಳ್ಳಿ. ಆದರೆ ಆಡಳಿತ ನಡೆಸುವವರು ತಹಶೀಲ್ದಾರರಲ್ಲ. ಜನ ನೇರವಾಗಿ ಆರಿಸಿದ ಮೇಯರ್, ಉಪಮೇಯರ್ ಮತ್ತು 8 ಮಂದಿ ಸದಸ್ಯರ ಸಭೆ ಇರುತ್ತದೆ. ಅವಧಿ 3 ವರ್ಷ, ಒಬ್ಬರು ಸತತ 3 ಅವಧಿಗಿಂತ ಹೆಚ್ಚು ಅದೇ ಹುದ್ದೆಯಲ್ಲಿ ಇರುವಂತಿಲ್ಲ. ಇದೆಲ್ಲ 1991ರ ಸ್ಥಳೀಯ ಸರ್ಕಾರ ಸಂಹಿತೆಯಲ್ಲಿದೆ.

ಬರಂಗಾಯ್ ನಮ್ಮ ಗ್ರಾಮ ಪಂಚಾಯ್ತಿಗೆ ಹತ್ತಿರದ್ದು. ಅದಕ್ಕೊಬ್ಬ ಮುಖ್ಯಸ್ಥ, 7 ಸದಸ್ಯರು, ಜೊತೆಗೆ ಯುವಜನರ ಒಂದು ಸಭೆ. ಬನಾವೆಯಲ್ಲಿ 18 ಬರಂಗಾಯ್‌ಗಳಿವೆ. ಅವುಗಳಲ್ಲಿ ಒಂದರ ಹೆಸರು ‘ಪೊಬ್ಲಸಿಯೊನ್’. ಹೆಸರಿನ ಅರ್ಥವೇ ಪೇಟೆ: ಸಂತೆಮಾಳ, ಬಸ್ ನಿಲ್ಲುವ ಜಾಗ, ಮುನಿಸಿಪಲ್ ಕಚೇರಿ ಇರುವ ಕಡೆ.

ಪರೀಕ್ಷೆಯಲ್ಲಿ ಎಡವುವುದು ಇನ್ನೊಂದು ಕಡೆ. ಅಲ್ಲಿ ನಗರ–ಗ್ರಾಮ ಎಂಬ ವಿಂಗಡಣೆ ಮುನಿಸಿಪಾಲಿಟಿಗೆ ಮಾಡುವುದಲ್ಲ, ಪ್ರತಿ ಬರಂಗಾಯ್‌ಗೆ ಮಾಡುವುದು. ಜನಸಂಖ್ಯೆ 5,000 ಮುಟ್ಟಿದ್ದರೆ ಆ ಬರಂಗಾಯ್ ನಗರ. ಮುಟ್ಟದಿದ್ದರೂ 100 ಕೆಲಸಗಾರರಿರುವ ಒಂದು ಸಂಸ್ಥೆ ಅಲ್ಲಿದ್ದರೆ ನಗರವೇ. ಅದೂ ಇಲ್ಲದಿದ್ದರೆ, 10ರಿಂದ 99 ಕೆಲಸಗಾರರ 5 ಸಂಸ್ಥೆಗಳು ಇದ್ದು, ಬರಂಗಾಯ್ ಕಚೇರಿಯಿಂದ 2 ಕಿ.ಮೀ. ಒಳಗೆ ಕನಿಷ್ಠ 5 ಸೌಲಭ್ಯಗಳಿರಬೇಕು. ನಮ್ಮ ಜನಗಣತಿಯ ‘5,000 ಜನ, ಚ.ಕಿ.ಮೀ.ಗೆ 400 ಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ 75 ಮಂದಿ ಕೃಷಿಯೇತರ’ ಎಂಬ ಅಳತೆಯನ್ನು ಅಲ್ಲಿಗೆ ಹಾಕಬೇಡಿ.

ಪ್ರಶ್ನೆ: ಪಾಠಕ್ಕೆ ಬನಾವೆಯ ನಕ್ಷೆ ಬರೆಸಬೇಕು. ಮಕ್ಕಳಿಗೆ ನೆಲದ ರೂಪ ಹೇಗೆ ವಿವರಿಸಲಿ?
– ಭೂಗೋಳ ಉಪನ್ಯಾಸಕಿ, ರಾಜಾಜಿನಗರ

ಉತ್ತರ: ಮೊದಲು ಅಕ್ಷಾಂಶ ಗುರುತಿಸಿ. ಬನಾವೆ ಸುಮಾರು 17 ಡಿಗ್ರಿ ಉತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ವಿಜಯಪುರದ ಸಾಲಿನಲ್ಲಿ. ಆದರೆ ವಿಜಯಪುರದ ಸೆಖೆ ಅಲ್ಲಿಲ್ಲ. ಪೇಟೆಯೇ ಬೆಂಗಳೂರಿಗಿಂತ ಎತ್ತರದಲ್ಲಿದೆ, ಸುತ್ತಲಿನ ಬೆಟ್ಟಗಳು ಇನ್ನೂ ಮೇಲೇಳುತ್ತವೆ. ಮಡಿಕೇರಿಯ ಹವೆ ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಮನಿಲಾದಿಂದ ಉತ್ತರಕ್ಕೆ ಸುಮಾರು 350 ಕಿ.ಮೀ. ದಾರಿ. ಪ್ರಾಂತ್ಯದ ರಾಜಧಾನಿ ಬನಾವೆಯಲ್ಲ, ಲಗಾವೆ. ಇಫುಗಾವ್ ಪ್ರತ್ಯೇಕ ಪ್ರಾಂತ್ಯವಾದದ್ದು 1966ರಲ್ಲಿ. ಅದರಲ್ಲಿ 11 ಮುನಿಸಿಪಾಲಿಟಿಗಳಿವೆ, ನಗರ ಒಂದೂ ಇಲ್ಲ.

ನಕ್ಷೆಗಿಂತ ಮೊದಲು ಬೆಟ್ಟದ ಅಡ್ಡಸೀಳನ್ನು ಬರೆಸಿ. ಇದು ನಮ್ಮ ಒತ್ತಾಯ, ಏಕೆಂದರೆ ಬನಾವೆಯನ್ನು ಮೇಲಿನಿಂದ ಕೆಳಕ್ಕೆ ಓದದೆ ಅರ್ಥವಾಗುವುದಿಲ್ಲ. ನೆತ್ತಿಯಲ್ಲಿ ಮೋಡ ಹಿಡಿದು ನಿಲ್ಲಿಸುವ ಕಾಡು. ಅದರ ಕೆಳಗೆ ಮನೆತನಗಳು ಸಾಕಿದ ಮರದ ತೋಪು. ಇಳಿಜಾರಿನ ಒಣ ಭಾಗದಲ್ಲಿ ಗೆಣಸು ಬೆಳೆಯುವ ಕುಮ್ರಿ, ಅಂದರೆ ಗಿಡಮರ ಕಡಿದು ಸುಟ್ಟು ಬಿತ್ತುವ ಜಾಗ. ನಡುವೆ ಹತ್ತಾರು ಮನೆಗಳ ಕೇರಿ. ಅಲ್ಲಿಂದ ಹೊಳೆಯವರೆಗೆ ಗದ್ದೆಯ ಮೆಟ್ಟಿಲು. ತೋಪಿನ ಒರತೆಯ ನೀರು ಕಾಲುವೆಯಲ್ಲಿ, ಬಿದಿರಿನ ಅರೆಕೊಳವೆಯಲ್ಲಿ ಮೊದಲ ಗದ್ದೆಗೆ ಬಂದು, ಒಂದೊಂದೇ ತೂಬು ದಾಟಿ ಕೊನೆಯ ಗದ್ದೆಯಿಂದ ಹೊಳೆಗೆ ಬೀಳುತ್ತದೆ. ಪ್ರಾಂತ್ಯದ ಹೊಳೆಗಳು ಬಹುಪಾಲು ಮಗಾಟ್ ನದಿಯನ್ನು ಸೇರುತ್ತವೆ. ಆ ನದಿಗೆ 1980ರ ದಶಕದ ಆರಂಭದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ತಗ್ಗಿನ ಇಸಬೆಲಾ ಪ್ರಾಂತ್ಯದ ಗದ್ದೆಗಳಿಗೆ ನೀರು ಕೊಡುತ್ತದೆ, ವಿದ್ಯುತ್ತನ್ನೂ ಕೊಡುತ್ತದೆ. ಕೊಡಗಿನ ಮಳೆ ಮಂಡ್ಯದ ಗದ್ದೆ ಸೇರುವುದನ್ನು ಬಲ್ಲ ಮಕ್ಕಳಿಗೆ ಇದು ಹೊಸತಲ್ಲ.

ಪ್ರಶ್ನೆ: ಬನಾವೆಯ ಗದ್ದೆಗೋಡೆಗಳು ಕುಸಿಯುತ್ತಿವೆ, ಎರೆಹುಳುವೇ ಕಾರಣ ಎಂದು ಓದಿದೆ. ಎರೆಹುಳು ರೈತಮಿತ್ರ ಎಂದು ನಮಗೆ ಕಲಿಸುತ್ತಾರೆ. ಯಾವುದು ಸರಿ?
– ಕೃಷಿ ವಿದ್ಯಾರ್ಥಿ, ಹೆಬ್ಬಾಳ

ಉತ್ತರ: ಎರಡೂ ಸರಿ. ಹೊಲದಲ್ಲಿ ಮಿತ್ರನಾದದ್ದು ಕೆಸರುಗದ್ದೆಯ ತಳದಲ್ಲಿ ಮಿತ್ರನಾಗಿ ಉಳಿಯುವುದಿಲ್ಲ. ಅದು ತಿಳಿಯಲು ಗದ್ದೆ ಹೇಗೆ ಕಟ್ಟಿದ್ದಾರೆ ಎಂಬುದನ್ನು ಬಿಡಿಸಿ ನೋಡಬೇಕು.

ಗಟ್ಟಿ ನೆಲ ಸಿಗುವವರೆಗೆ ಅಗೆದು ಬುಡಕ್ಕೆ ದೊಡ್ಡ ಕಲ್ಲು ಕೂರಿಸುತ್ತಾರೆ. ಗೋಡೆ ನೆಟ್ಟಗೆ ಏಳುವುದಿಲ್ಲ, ಬೆಟ್ಟದ ಕಡೆಗೆ ತುಸು ವಾಲಿರುತ್ತದೆ. ಗೋಡೆಯ ಬೆನ್ನಿಗೆ ಸಣ್ಣ ಕಲ್ಲು, ಜಲ್ಲಿ. ಅದರ ಮೇಲೆ ಜೇಡಿಮಣ್ಣನ್ನು ತುಳಿದು ಗಟ್ಟಿ ಮಾಡಿದ ಪದರ. ಎಲ್ಲಕ್ಕಿಂತ ಮೇಲೆ ಉಳುಮೆಗೆ ಬೇಕಾದ ಕೆಸರು. ಕಲ್ಲು ಸಿಗದ ಕಡೆ ಗೋಡೆಯೂ ಮಣ್ಣಿನದೇ. ನೀರು ಹಿಡಿದಿಡುವ ಕೆಲಸ ಜೇಡಿ ಪದರದ್ದು. ಅದನ್ನೂ ದಾಟಿ ಜಿನುಗಿದ್ದನ್ನು ಹೊರಗೆ ಬಿಡುವ ಕೆಲಸ ಸುಣ್ಣ–ಸಿಮೆಂಟಿಲ್ಲದ ಕಲ್ಲುಗೋಡೆಯದ್ದು.

ಈ ಜೇಡಿ ಪದರ ಸದಾ ಒದ್ದೆ ಇರಬೇಕು. ಅದಕ್ಕೇ ಕೊಯ್ಲಾದ ಮೇಲೂ ಅಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ. ಒಂದು ಬೇಸಿಗೆ ಗದ್ದೆ ಒಣಗಿತೆಂದರೆ ಜೇಡಿ ಬಿರುಕು ಬಿಡುತ್ತದೆ. ನೀರು ನಿಂತ ಕೆಸರಿನಲ್ಲಿ ಬದುಕಲಾರದ ದೈತ್ಯ ಎರೆಹುಳುಗಳು ಆ ಒಣಗಿದ ಮಣ್ಣಿಗೆ ಇಳಿದು ಆಳಕ್ಕೆ ಬಿಲ ಕೊರೆಯುತ್ತವೆ. ಮುಂದಿನ ಮಳೆಯಲ್ಲಿ ನೀರು ಮೇಲೆ ನಿಲ್ಲದೆ ಬಿರುಕು, ಬಿಲಗಳಲ್ಲಿ ಇಳಿದು ಗೋಡೆಯ ಬೆನ್ನಿಗೆ ಸೇರುತ್ತದೆ. ಜಲ್ಲಿಯ ಸಂದುಗಳಲ್ಲಿ ಮಣ್ಣು ಕಟ್ಟಿಕೊಂಡಿದ್ದರೆ ಆ ನೀರಿಗೆ ಹೊರದಾರಿಯಿಲ್ಲ. ಗೋಡೆಯ ಹೊಟ್ಟೆ ಉಬ್ಬುತ್ತದೆ. ಉಬ್ಬು ಕಂಡಾಗ ಬಿಚ್ಚಿ ಕಟ್ಟಿದರೆ ಕೆಲವು ಆಳುಗಳ ಕೆಲಸ, ಬಿಟ್ಟರೆ ಒಂದು ರಾತ್ರಿಯ ಚಂಡಮಾರುತದಲ್ಲಿ ಅದು ಕೆಳಗಿನ ಗದ್ದೆಯ ಮೇಲೆ ಬೀಳುತ್ತದೆ. ಆ ಭಾರಕ್ಕೆ ಕೆಳಗಿನದೂ ಕುಸಿದು ಕಾಲುವೆ ಹೂತುಹೋಗುತ್ತದೆ. ಆಮೇಲೆ ನೀರಿಲ್ಲದೆ ಪಕ್ಕದವರ ಗದ್ದೆಯೂ ಒಣಗುತ್ತದೆ, ಅಲ್ಲಿಗೂ ಹುಳು ಇಳಿಯುತ್ತದೆ.

ಆದ್ದರಿಂದ ಹುಳುವನ್ನು ಕೊಲ್ಲುವ ಔಷಧಿ ಹುಡುಕುವುದು ತಪ್ಪು ದಾರಿ ಎಂದು ನಮ್ಮ ಖಚಿತ ಅಭಿಪ್ರಾಯ. ನೀರು ತಪ್ಪಿದ್ದು ಏಕೆ ಎಂದು ನೋಡಬೇಕು. ಕಾಲುವೆ ಹೂಳು ತೆಗೆಯಲು ಆಳಿಲ್ಲವೇ, ಮೇಲಿನ ತೋಪು ಕಡಿದರೇ, ಗದ್ದೆಯನ್ನು ಪಾಳು ಬಿಟ್ಟರೇ?

ಸಿಮೆಂಟ್ ಗಾರೆ ಹಾಕಿ ಗೋಡೆ ಕಟ್ಟುವುದೂ ಸುಲಭದ ದಾರಿಯಂತೆ ಕಾಣುತ್ತದೆ. ಅದರಲ್ಲಿ ನೀರು ಹೊರಬರಲು ತೂತು ಬಿಡದಿದ್ದರೆ ಬೆನ್ನಿನ ಒತ್ತಡ ಹೆಚ್ಚಿ ಇಡೀ ಗೋಡೆ ಒಂದೇ ಹಲಗೆಯಂತೆ ಮುಂದಕ್ಕೆ ಮಗುಚುತ್ತದೆ. ಒಣಕಲ್ಲಿನ ಗೋಡೆಯಾದರೆ ಜಾರಿದಷ್ಟು ಭಾಗವನ್ನು ಮಾತ್ರ ಸರಿಪಡಿಸಬಹುದು.

ಇನ್ನೊಂದು ಪೀಡೆ ಬಂಗಾರದ ಬಣ್ಣದ ಸೇಬುಶಂಖು, ಅಲ್ಲಿನವರ ಬಾಯಲ್ಲಿ ಕುಹೋಲ್. ದಕ್ಷಿಣ ಅಮೆರಿಕ ಮೂಲದ ಈ ಬಸವನಹುಳುವನ್ನು 1980ರ ದಶಕದ ಆರಂಭದಲ್ಲಿ ತಿನ್ನಲೆಂದು ಫಿಲಿಪ್ಪೀನ್ಸಿಗೆ ತಂದರು. ಮಾರಾಟ ಕುದುರಲಿಲ್ಲ, ಹುಳು ಗದ್ದೆ ಸೇರಿತು. ರಾತ್ರಿ ಹೊತ್ತು ಎಳೆಯ ಪೈರನ್ನು ಬುಡದಲ್ಲೇ ಕತ್ತರಿಸುತ್ತದೆ. ಕಾಂಡ ಬಲಿತ ಮೇಲೆ ಅದರ ಆಟ ನಡೆಯುವುದಿಲ್ಲ, ಹಾಗಾಗಿ ನಾಟಿಯಾದ ಮೊದಲ ವಾರಗಳೇ ಮುಖ್ಯ. ತುಸು ಬಲಿತ ಅಗೆಯನ್ನು ನಾಟಿ ಮಾಡುವುದು, ನೀರು ಬರುವ ಬಾಯಿಗೆ ಜಾಲರಿ ಕಟ್ಟುವುದು, ಗದ್ದೆಯೊಳಗೆ ಸಣ್ಣ ಕಾಲುವೆ ತೋಡಿ ಪಪ್ಪಾಯಿ ಎಲೆ, ಕೆಸುವಿನ ಎಲೆ ಹಾಕಿ ಅಲ್ಲಿಗೆ ಕೂಡಿದ್ದನ್ನು ಬೆಳಗ್ಗೆ ಆರಿಸುವುದು, ದಂಟಿನ ಮೇಲಿನ ಗುಲಾಬಿ ಮೊಟ್ಟೆಗೊಂಚಲನ್ನು ಕಿತ್ತು ಜಜ್ಜುವುದು, ನಾಟಿಗೆ ಮುಂಚೆ ಮತ್ತು ಪೈರು ಬಲಿತ ಮೇಲೆ ಬಾತುಕೋಳಿ ಬಿಡುವುದು, ಇವು ಅಲ್ಲಿ ನಡೆದುಬಂದ ಉಪಾಯಗಳು. ತಗ್ಗಿನ ಗದ್ದೆಯಲ್ಲಾದರೆ ನಾಟಿ ನಂತರ ನೀರು ಬಸಿದರೆ ಶಂಖು ಚಲಿಸಲಾರದು. ಬನಾವೆಯಲ್ಲಿ ಹಾಗೆ ಬಸಿದು ಒಣಗಿಸಿದರೆ ಮೇಲೆ ಹೇಳಿದ ಬಿರುಕು ಶುರು. ಪುಸ್ತಕದ ಶಿಫಾರಸನ್ನು ನೆಲ ನೋಡಿ ತಿದ್ದಿಕೊಳ್ಳಬೇಕಾದದ್ದು ಇಲ್ಲಿ.

ಪ್ರಶ್ನೆ: ಅಲ್ಲಿನ ‘ಮುಯೊಂಗ್’ ನಮ್ಮ ಶಿರಸಿ ಕಡೆಯ ಸೊಪ್ಪಿನ ಬೆಟ್ಟದಂತೆಯೇ?
– ಯಲಹಂಕದಲ್ಲಿ ನೆಲೆಸಿರುವ ಶಿರಸಿಯವರು

ಉತ್ತರ: ಕೆಲಸದಲ್ಲಿ ಹತ್ತಿರ, ಹಕ್ಕಿನಲ್ಲಿ ದೂರ. ಸೊಪ್ಪಿನ ಬೆಟ್ಟದಲ್ಲಿ ನೆಲ ಸರ್ಕಾರದ್ದು, ತೋಟದವರಿಗೆ ಸೊಪ್ಪು–ದರಗಿನ ಸವಲತ್ತು ಮಾತ್ರ. ಮುಯೊಂಗ್ ಆಯಾ ಮನೆತನದ್ದೆಂದು ಊರೇ ಒಪ್ಪಿದ ತೋಪು, ಕೆಳಗಿನ ಗದ್ದೆಯ ಜೊತೆಗೇ ಮಕ್ಕಳಿಗೆ ಬರುತ್ತದೆ. ಸೌದೆ, ಮನೆಮರ, ಬೆತ್ತ, ಕೆತ್ತನೆಗೆ ಬೇಕಾದ ಮರ, ಔಷಧಿ ಗಿಡ ಎಲ್ಲ ಅದರಿಂದಲೇ. ಅಡಿಕೆಯೂ ಉಂಟು. ಅಡಿಕೆ, ವೀಳ್ಯದೆಲೆ, ಸುಣ್ಣ ಸೇರಿಸಿ ಮೆಲ್ಲುವುದನ್ನು ಇಫುಗಾವ್ ಜನ ‘ಮೊಮಾ’ ಎನ್ನುತ್ತಾರೆ. ಮನೆಗೆ ಬಂದವರಿಗೆ ಅದನ್ನು ಕೊಡುವ ಮರ್ಯಾದೆಯೂ ನಮ್ಮಂತೆಯೇ.

ತೋಪಿನ ಮುಖ್ಯ ಬೆಳೆ ಮಾತ್ರ ನೀರು. ಯಾರದೋ ತೋಪು ಬೋಳಾದರೆ ಕೆಳಗಿನ ಹತ್ತು ಮನೆಯ ಗದ್ದೆಗೆ ಒರತೆ ತಪ್ಪುತ್ತದೆ. ಹಾಗಾಗಿ ಆಸ್ತಿ ಖಾಸಗಿಯಾದರೂ ಕೊಡಲಿ ಹಾಕುವಾಗ ಊರಿನ ಕಣ್ಣು ಇದ್ದೇ ಇರುತ್ತದೆ.

ಕಾನೂನಿನ ತೊಡಕೂ ದೊಡ್ಡದು. 1975ರ ಅರಣ್ಯ ಆದೇಶದ ಪ್ರಕಾರ ಶೇ 18ಕ್ಕಿಂತ ಹೆಚ್ಚು ಇಳಿಜಾರಿನ ನೆಲವನ್ನು ಖಾಸಗಿಗೆ ಕೊಡುವಂತಿಲ್ಲ. ಶೇ 18 ಎಂದರೆ 100 ಮೀಟರ್ ಅಡ್ಡಕ್ಕೆ 18 ಮೀಟರ್ ಏರು, ಕೋನದಲ್ಲಿ ಹತ್ತೇ ಡಿಗ್ರಿ. ಇದನ್ನು 18 ಡಿಗ್ರಿ ಎಂದು ಓದಿಕೊಳ್ಳುವವರು ಬಹಳ. ಬನಾವೆಯಂಥ ಕಡೆ ಆ ಗೆರೆಯೊಳಗೆ ಬರುವ ಸಪಾಟು ಜಾಗ ಎಷ್ಟಿದ್ದೀತು? ತಲೆಮಾರುಗಳಿಂದ ಉಳುತ್ತಿದ್ದವರ ನೆಲ ಕಾಗದದಲ್ಲಿ ಅರಣ್ಯವಾಗಿ ಉಳಿಯಿತು. 1997ರ ಮೂಲನಿವಾಸಿಗಳ ಹಕ್ಕು ಕಾಯ್ದೆ ಪೂರ್ವಿಕರ ನೆಲದ ಹಕ್ಕನ್ನು ಒಪ್ಪಿಕೊಂಡಿದೆ.

ಪ್ರಶ್ನೆ: ಜಗತ್ತೇ ನೋಡಲು ಬರುವ ಊರು. ಆದರೂ ಅಲ್ಲಿನ ಯುವಕರು ಊರು ಬಿಡುವುದೇಕೆ? ಜನ ಯಾವುದರ ಮೇಲೆ ಬದುಕುತ್ತಾರೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಜಯನಗರ

ಉತ್ತರ: ಗದ್ದೆಯ ಭತ್ತವನ್ನು ‘ತಿನಾವೊನ್’ ಎನ್ನುತ್ತಾರೆ, ‘ವರ್ಷಕ್ಕೊಮ್ಮೆಯದು’ ಎಂದರ್ಥ. ಎತ್ತರದ ಚಳಿಗೆ ಒಗ್ಗಿದ ನಾಡತಳಿಗಳು ಇವು. ವರ್ಷದ ಕೊನೆಯ ತಿಂಗಳುಗಳಲ್ಲಿ ಸಸಿಮಡಿ, ವರ್ಷಾರಂಭದಲ್ಲಿ ನಾಟಿ, ಜೂನ್–ಜುಲೈ ಹೊತ್ತಿಗೆ ಕೊಯ್ಲು. ಪೈರನ್ನು ಬುಡದಿಂದ ಕೊಯ್ಯುವುದಿಲ್ಲ. ಅಂಗೈಯಲ್ಲಿ ಹಿಡಿಯುವ ಸಣ್ಣ ಅಲಗಿನಿಂದ ಒಂದೊಂದೇ ತೆನೆ ಕತ್ತರಿಸಿ, ಹಿಡಿ ಹಿಡಿಯಾಗಿ ಕಟ್ಟಿ, ಒಣಗಿಸಿ ಕಣಜಕ್ಕೆ ಏರಿಸುತ್ತಾರೆ. ಸಣ್ಣ ಗದ್ದೆ, ಒಂದೇ ಬೆಳೆ. ಎಷ್ಟೋ ಮನೆಗಳಿಗೆ ಅದು ವರ್ಷವಿಡೀ ಸಾಲದು. ಉಳಿದ ತಿಂಗಳುಗಳಿಗೆ ಗೆಣಸು, ತಗ್ಗಿನಿಂದ ಬರುವ ಅಂಗಡಿ ಅಕ್ಕಿ. ಆ ಅಂಗಡಿ ಅಕ್ಕಿಯೂ ಈಗ ಬೇರೆ ದೇಶದ್ದಾಗಿರಬಹುದು. 2019ರ ಕಾನೂನು ಅಕ್ಕಿ ಆಮದಿನ ಪ್ರಮಾಣದ ಮಿತಿ ತೆಗೆದು ಸುಂಕವನ್ನಷ್ಟೇ ಉಳಿಸಿತು. ಅಗ್ಗದ ಅಕ್ಕಿ ಕೊಳ್ಳುವವನಿಗೆ ಅನುಕೂಲ, ಆದರೆ ಬೆಟ್ಟ ಹತ್ತಿ ಗೋಡೆ ಕಟ್ಟುವವನ ಬೆವರಿಗೆ ಅದು ಬೆಲೆ ಕಟ್ಟುವುದಿಲ್ಲ.

ಗದ್ದೆಯ ಕೆಲಸ ನಡೆಯುತ್ತಿದ್ದದ್ದು ಮುಯ್ಯಾಳಿನಿಂದ. ಅಲ್ಲಿ ಆ ಪದ್ಧತಿಯ ಹೆಸರು ‘ಉಬ್ಬು’: ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನದಕ್ಕೆ ನೀವು. ದಿನಗೂಲಿ, ಗೈಡ್ ಕೆಲಸ, ಮರದ ಕೆತ್ತನೆ, ನೇಯ್ಗೆ, ಊಟ–ವಸತಿ ವ್ಯಾಪಾರ, ಸರ್ಕಾರಿ ಕೆಲಸ, ದೂರದೂರಿಂದ ಬರುವ ಮನಿಯಾರ್ಡರು ಇವು ನಗದು ತರುತ್ತವೆ. ಕೈಗೆ ನಗದು ಬಂದಾಗ ಮುಯ್ಯಿ ತೀರಿಸುವವರು ಕಡಿಮೆಯಾಗುತ್ತಾರೆ, ಗೋಡೆ ಕೆಲಸಕ್ಕೂ ಕೂಲಿ ಕೊಡಬೇಕಾಗುತ್ತದೆ. ಭತ್ತ ಆ ಕೂಲಿಯನ್ನು ಹುಟ್ಟಿಸುವುದಿಲ್ಲ. ಪ್ರವಾಸೋದ್ಯಮದ ದುಡ್ಡು ಹೆಚ್ಚಾಗಿ ರಸ್ತೆ ಬದಿಯ ವಸತಿಗೃಹಕ್ಕೆ, ವಾಹನದವರಿಗೆ ಸೇರುತ್ತದೆ. ಪ್ರವಾಸಿ ಫೋಟೊ ತೆಗೆಯುವ ಗದ್ದೆಯ ಒಡತಿಗೆ ಅದರಿಂದ ಏನು ಬಂತು ಎಂಬುದೇ ಬನಾವೆಯ ಅರ್ಥವ್ಯವಸ್ಥೆಯ ನಡುಮನೆಯ ಪ್ರಶ್ನೆ.

ಆಸ್ತಿ ಹಂಚಿಕೆಯೂ ಒಂದು ಕಾರಣ. ನಮ್ಮಲ್ಲಿ ಎಲ್ಲರಿಗೂ ಪಾಲು ಮಾಡಿ ಹೊಲ ತುಂಡಾಗುತ್ತದೆ. ಇಫುಗಾವ್ ರೂಢಿಯಲ್ಲಿ ಹೆಣ್ಣಿರಲಿ ಗಂಡಿರಲಿ ಚೊಚ್ಚಲ ಮಗುವಿಗೆ ಗದ್ದೆಯ ದೊಡ್ಡ ಪಾಲು. ಗದ್ದೆ ತುಂಡಾಗದೆ ಉಳಿಯಿತು, ಕಿರಿಯರು ಬೇರೆ ದಾರಿ ನೋಡಿಕೊಂಡರು. ಈಗ ಆ ಚೊಚ್ಚಲ ಮಕ್ಕಳೂ ಓದಿ ಹೊರಗೆ ಹೋದಾಗ ಗದ್ದೆ ಪಾಳು ಬೀಳುತ್ತದೆ.

ಸರ್ಕಾರದ ದುಡ್ಡಿನ ಬಗ್ಗೆ ಬ್ಯಾಂಕಿನವರಾದ ನಿಮಗೆ ಲೆಕ್ಕವನ್ನೇ ಕೊಡೋಣ. ರಾಷ್ಟ್ರೀಯ ತೆರಿಗೆಯಲ್ಲಿ ಶೇ 40 ಸ್ಥಳೀಯ ಸರ್ಕಾರಗಳಿಗೆ, ಅದೂ 3 ವರ್ಷ ಹಿಂದಿನ ವಸೂಲಿಯ ಆಧಾರದಲ್ಲಿ. ಅದರಲ್ಲಿ ಪ್ರಾಂತ್ಯಗಳಿಗೆ 23, ನಗರಗಳಿಗೆ 23, ಮುನಿಸಿಪಾಲಿಟಿಗಳಿಗೆ 34, ಬರಂಗಾಯ್‌ಗಳಿಗೆ 20 ಪಾಲು. ಮುನಿಸಿಪಾಲಿಟಿಗಳು ತಮ್ಮ 34ನ್ನು ಹಂಚಿಕೊಳ್ಳುವಾಗ ಜನಸಂಖ್ಯೆಗೆ ಶೇ 50, ವಿಸ್ತೀರ್ಣಕ್ಕೆ ಶೇ 25, ಉಳಿದ ಶೇ 25 ಎಲ್ಲರಿಗೂ ಸಮ. 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸೀಮಾಸುಂಕವೂ ಈ ಮೊತ್ತಕ್ಕೆ ಸೇರಿ, 2022ರಿಂದ ಪಾಲು ಹಿಗ್ಗಿತು. ಆದರೆ ಸೂತ್ರದಲ್ಲಿ ಇಳಿಜಾರಿಗೆ ಅಂಕವಿಲ್ಲ, ಕುಸಿದ ಗೋಡೆಗೂ ಇಲ್ಲ. ಜನ ಊರು ಬಿಟ್ಟಷ್ಟೂ ಜನಸಂಖ್ಯೆಯ ಪಾಲು ಇಳಿಯುತ್ತದೆ. ನೆರೆಯ ಕಿಯಾಂಗನ್‌ನಲ್ಲಿ 2010ರಿಂದ ಅಂಬಂಗಲ್ ಹೊಳೆಯ 200 ಕಿಲೋವ್ಯಾಟಿನ ಕಿರು ಜಲವಿದ್ಯುತ್ ಘಟಕದ ಆದಾಯವನ್ನು ಗದ್ದೆಗಳ ಸಂರಕ್ಷಣಾ ನಿಧಿಗೆ ಕೊಡುವ ಏರ್ಪಾಡು ಮಾಡಿದರು. ಗದ್ದೆ ಕಾಯುವ ನೀರಿನ ಗಳಿಕೆ ಗದ್ದೆಗೇ ಮರಳುವ ಈ ಮಾದರಿ ನಮಗೆ ಬಹಳ ಸರಿಯೆನಿಸುತ್ತದೆ.

ಪ್ರಶ್ನೆ: ಪದವಿ ಪ್ರಾಜೆಕ್ಟಿಗೆ ಬನಾವೆಯ ಭೌಗೋಳಿಕ–ಆರ್ಥಿಕ ಚಿತ್ರಣ ಬರೆಯುತ್ತಿದ್ದೇನೆ. ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತಿದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಕೆಂಗೇರಿ

ಉತ್ತರ: ಪ್ರತಿ ಅಂಕಿಯ ಪಕ್ಕ ವರ್ಷ ಬರೆಯಿರಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. 2020ರ ಜನಗಣತಿಯಲ್ಲಿ ಬನಾವೆಯ ಜನ 20 ಸಾವಿರ ಚಿಲ್ಲರೆ. 2015ರಲ್ಲಿ ಅದಕ್ಕಿಂತ ತುಸು ಹೆಚ್ಚಿತ್ತು. ಒಂದರ ಜನಸಂಖ್ಯೆ, ಇನ್ನೊಂದರ ಮನೆ ಎಣಿಕೆ ಸೇರಿಸಿ ಭಾಗಿಸಬೇಡಿ. ಸಾಂದ್ರತೆ ಹಾಕುವಾಗ ವಿಸ್ತೀರ್ಣವನ್ನು ಎಲ್ಲಿಂದ ತೆಗೆದಿರಿ ಎಂದೂ ಬರೆಯಿರಿ, ಬೇರೆ ಬೇರೆ ಇಲಾಖೆಯ ಅಳತೆ ಬೇರೆ ಬೇರೆ ಇರುವುದುಂಟು.

‘4ನೆಯ ದರ್ಜೆ ಮುನಿಸಿಪಾಲಿಟಿ’ ಎಂದು ಕಂಡರೆ ಜನ ಬಡವರು ಎಂದು ಬರೆಯಬೇಡಿ. ಆ ದರ್ಜೆ ಸ್ಥಳೀಯ ಸರ್ಕಾರದ ಬೊಕ್ಕಸದ್ದು, ಮನೆಗಳದ್ದಲ್ಲ. ಹಳೆಯ ಪಟ್ಟಿಯಲ್ಲಿ 6 ದರ್ಜೆಗಳಿದ್ದವು. 2023ರ ಕಾನೂನು 5ಕ್ಕೆ ಇಳಿಸಿತು. ಈಗ ವಾರ್ಷಿಕ ಸರಾಸರಿ ಆದಾಯ 20 ಕೋಟಿ ಪೆಸೊ ಮುಟ್ಟಿದರೆ 1ನೆಯ ದರ್ಜೆ, 9 ಕೋಟಿಗಿಂತ ಕಡಿಮೆಯಿದ್ದರೆ 5ನೆಯದು.

ಹೆಸರುಗಳಲ್ಲೂ ಹುಷಾರು. ಬಂಗಾನ್ ಎಂಬ ಬರಂಗಾಯ್ ಬನಾವೆಯಲ್ಲೂ ಇದೆ, ಪಕ್ಕದ ಪ್ರಾಂತ್ಯದ ಸಗಾಡಾದಲ್ಲೂ ಇದೆ. ‘ಬನಾವೆ’ ಎಂದು ಹುಡುಕಿದರೆ ಮನಿಲಾ ಪಕ್ಕದ ಕೆಝೋನ್ ಸಿಟಿಯ ಅದೇ ಹೆಸರಿನ ಬೀದಿಯ ವಾಹನ ಬಿಡಿಭಾಗದ ಅಂಗಡಿಗಳು ಬರುತ್ತವೆ, ಅದು ಅಲ್ಲಿನ ಜೆ.ಸಿ. ರಸ್ತೆ.

ಬಹುತೇಕ ಎಲ್ಲರೂ ಮಾಡುವ ತಪ್ಪು ಇದು: ಪೇಟೆಯ ಪಕ್ಕದ ವ್ಯೂ ಪಾಯಿಂಟಿನಿಂದ ಕಾಣುವ, ನೋಟಿನ ಮೇಲಿರುವ ಗದ್ದೆಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿಲ್ಲ. 1995ರಲ್ಲಿ ಪಟ್ಟಿಗೆ ಸೇರಿದ್ದು 5 ಸಮೂಹಗಳು: ಬನಾವೆಯ ಬಟಾಡ್ ಮತ್ತು ಬಂಗಾನ್, ಮಯೊಯಾವ್, ಹುಂಗ್‌ದುವಾನ್, ಕಿಯಾಂಗನ್‌ನ ನಗಕಡನ್. 2001ರಲ್ಲಿ ಅವು ಅಪಾಯದ ಪಟ್ಟಿಗೆ ಹೋಗಿ 2012ರಲ್ಲಿ ಹೊರಬಂದವು. ‘2,000 ವರ್ಷ ಹಳೆಯವು’ ಎಂಬ ಮಾತನ್ನೂ ಹಾಗೆಯೇ ಇಳಿಸಬೇಡಿ. ಹಳೆ ಕಿಯಾಂಗನ್‌ನಲ್ಲಿ ಉತ್ಖನನ ಮಾಡಿದ ಸ್ಟೀಫನ್ ಅಕಬಾಡೊ ತಂಡದ ಪ್ರಕಾರ ಕೆಸರುಗದ್ದೆಯ ಭತ್ತ ಅಲ್ಲಿ ಹಬ್ಬಿದ್ದು ಸ್ಪೇನಿನವರು ಲುಜಾನಿಗೆ ಬಂದ ನಂತರ, ತಗ್ಗಿನಿಂದ ಬೆಟ್ಟಕ್ಕೆ ಸರಿದ ಜನರಿಂದ. ಎರಡೂ ವಾದ ಬರೆದು ಆಧಾರ ತೋರಿಸಿ.

ಪ್ರಶ್ನೆ: ಗದ್ದೆ ನೋಡಲು ಯಾವ ತಿಂಗಳು ಹೋಗಬೇಕು? ಮಂಡಿನೋವಿದೆ, ಬಟಾಡ್‌ಗೆ ಇಳಿಯಬಹುದೇ?
– ಹಿರಿಯ ದಂಪತಿ, ಬಸವನಗುಡಿ

ಉತ್ತರ: ಹಸಿರು ಬೇಕಿದ್ದರೆ ಏಪ್ರಿಲ್–ಮೇ, ಹೊನ್ನಿನ ಬಣ್ಣ ಬೇಕಿದ್ದರೆ ಜೂನ್ ಕೊನೆ. ಆಮೇಲೆ ಚಂಡಮಾರುತದ ಕಾಲ, ಗುಡ್ಡ ಜರಿದು ರಸ್ತೆ ಮುಚ್ಚುವುದುಂಟು. ಮನಿಲಾದಿಂದ ರಾತ್ರಿ ಬಸ್ಸು, 9–10 ಗಂಟೆ. ಬಸ್ಸಿನಲ್ಲಿ ಚಳಿ ಜೋರು, ಸ್ವೆಟರ್ ಕೈಗೆ ಸಿಗುವಂತಿರಲಿ. ನಗದು ಪೆಸೊ ಮನಿಲಾದಲ್ಲೇ ತೆಗೆದುಕೊಳ್ಳಿ.

ಬಟಾಡ್‌ನಲ್ಲಿ ವಾಹನ ಊರಿನವರೆಗೆ ಹೋಗುವುದಿಲ್ಲ. ಕೊನೆಯ ಭಾಗ ನಡಿಗೆ, ಒಳಗೆ ಎಲ್ಲಿಗೆ ಹೋದರೂ ಕಲ್ಲುಮೆಟ್ಟಿಲು. ಮಂಡಿನೋವಿಗೆ ಇಳಿಯುವುದೇ ಹತ್ತುವುದಕ್ಕಿಂತ ಕಷ್ಟ, ಹಾಗಾಗಿ ಬಟಾಡ್ ಬೇಡ. ಪೇಟೆಯ ಮೇಲಿನ ವ್ಯೂ ಪಾಯಿಂಟಿಗೆ ತ್ರಿಚಕ್ರ ವಾಹನ ಹೋಗುತ್ತದೆ, ಬಂಗಾನ್ ಗದ್ದೆಗಳು ರಸ್ತೆಯಿಂದಲೇ ಕಾಣುತ್ತವೆ. ಬದುವಿನ ಮೇಲೆ ನಡೆಯುವುದಾದರೆ ಹೊರೆ ಹೊತ್ತು ಎದುರು ಬರುವವರಿಗೆ ನೀವೇ ದಾರಿ ಬಿಡಿ, ಬೆಟ್ಟದ ಕಡೆಗೆ ಸರಿದು ನಿಲ್ಲಿ, ಗೋಡೆಯ ಅಂಚಿನ ಕಲ್ಲಿನ ಮೇಲೆ ಕೂರಬೇಡಿ. ಊರಿನ ಗೈಡನ್ನೇ ಮಾಡಿಕೊಳ್ಳಿ, ತಿನಾವೊನ್ ಅಕ್ಕಿ ಕೊಳ್ಳುವುದಾದರೆ ಬೆಳೆದ ಮನೆಯಿಂದಲೇ ಕೊಳ್ಳಿ.